ಸಿಟ್ಟು ನಿನ್ನದಲ್ಲ, ಝಳದ್ದು: ಬೇಸಿಗೆಯ ಒತ್ತಡಕ್ಕೆ ನಂಬಿಕೆ ಹೇಗೆ ಆಸರೆಯಾಗುತ್ತದೆ

ಏಪ್ರಿಲ್ ತಿಂಗಳ ಒಂದು ರಾತ್ರಿ, ಕಲಬುರಗಿಯ ನಮ್ಮ ಮನೆ. ಹನ್ನೊಂದೂವರೆ ಆಗಿತ್ತು. ಕರೆಂಟ್ ಹೋಗಿ ಮುಕ್ಕಾಲು ಗಂಟೆಯಾಗಿತ್ತು. ಮಾಳಿಗೆ ಮೇಲೆ ಎರಡು ಕೊಡ ನೀರು ಚೆಲ್ಲಿ, ಅದು ಆರಿದ ಮೇಲೆ ಚಾಪೆ ಹಾಸಿದ್ದೆವು. ಆದರೂ ಬೆನ್ನಿನ ಕೆಳಗೆ ಸಿಮೆಂಟು ಬೆಚ್ಚಗೇ ಇತ್ತು, ರೊಟ್ಟಿ ಬೇಯಿಸಿ ಕೆಳಗಿಳಿಸಿದ ಹಂಚಿನ ಹಾಗೆ. ಗಾಳಿ ಎಂಬುದೇ ಇಲ್ಲ. ಆವತ್ತು ನಾನು ಅವ್ವನ ಮೇಲೆ ಸುಮ್ನೆ ರೇಗಿದೆ. ಕಾರಣ ಇಷ್ಟೇ, ಕುಡಿಯೋ ನೀರಿನ ತಂಬಿಗೆಯನ್ನು ಅವಳು ಕೆಳಗೇ ಬಿಟ್ಟು ಬಂದಿದ್ದಳು.

ಅವ್ವ ಎದುರಾಡಲಿಲ್ಲ. ಕತ್ತಲಲ್ಲೇ ಮೆಟ್ಟಿಲಿಳಿದು ಹೋಗಿ ಹರವಿಯಿಂದ ನೀರು ತುಂಬಿಕೊಂಡು ಬಂದಳು. ನನ್ನ ಕೈಗೆ ತಂಬಿಗೆ ಕೊಟ್ಟಳು. ತಾನೂ ಒಂದು ಗುಟುಕು ಕುಡಿದು, ಒದ್ದೆ ಕೈಯನ್ನು ಕಣ್ಣಿಗೆ ಒತ್ತಿಕೊಂಡು, ಕೊರಳಿನ ಲಿಂಗ ಹಿಡಿದು ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ಕೂತಳು. ಆಮೇಲೆ ಹೇಳಿದಳು: "ಸಿಟ್ಟು ನಿಂದಲ್ಲ, ಝಳದ್ದದ. ನೀರ್ ಕುಡದು ಮಲಕೋ."

ಎಷ್ಟೋ ವರ್ಷದ ಮೇಲೆ ಬಿಸಿಲು ಮೈಗೂ ಮನಸ್ಸಿಗೂ ಏನು ಮಾಡುತ್ತದೆ ಅಂತ ಓದಿ ತಿಳಿದುಕೊಂಡಾಗ ಅವ್ವನ ಆ ಮಾತು ಎಷ್ಟು ಸರಿ ಅನ್ನುವುದು ಅರ್ಥವಾಯಿತು. ಅವಳು ಆವತ್ತು ಮಾಡಿದ್ದೂ ಸರಿಯೇ. ಮೊದಲು ನೀರು, ಆಮೇಲೆ ದೇವರು, ಆಮೇಲೆ ಮಾತು. ಆ ಮೂರನ್ನೂ ಸ್ವಲ್ಪ ಬಿಡಿಸಿ ಹೇಳಬೇಕು ಅನಿಸಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ಮೈಯ ಲೆಕ್ಕ ನೋಡೋಣ. ನಮ್ಮ ಮೈಯೊಳಗಿನ ಬಿಸಿ ಸುಮಾರು 37 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇರಬೇಕು. ಹೊರಗೆ ಎಷ್ಟೇ ಬಿಸಿಲಿರಲಿ, ಒಳಗೆ ಅಷ್ಟನ್ನೇ ಕಾಯ್ದುಕೊಳ್ಳಲು ಮೈ ದುಡಿಯುತ್ತಲೇ ಇರುತ್ತದೆ. ಒಳಗಿನ ಬಿಸಿ ಹೊರಗೆ ಹೋಗಲಿ ಅಂತ ರಕ್ತವನ್ನು ಚರ್ಮದ ಕಡೆಗೆ ಜಾಸ್ತಿ ಹರಿಸುತ್ತದೆ. ಅದಕ್ಕಾಗಿ ಹೃದಯ ಜೋರಾಗಿ ಬಡಿಯಬೇಕಾಗುತ್ತದೆ. ಜೊತೆಗೆ ಬೆವರು. ಒಂದು ಲೀಟರ್ ಬೆವರು ಚರ್ಮದ ಮೇಲೇ ಪೂರ್ತಿ ಆರಿದರೆ ಸುಮಾರು 580 ಕಿಲೊಕ್ಯಾಲರಿ ಬಿಸಿಯನ್ನು ಹೊತ್ತೊಯ್ಯುತ್ತದೆ. ಆದರೆ ಬೆವರು ಆರಬೇಕು, ಸುಮ್ನೆ ಸುರಿದರೆ ಪ್ರಯೋಜನವಿಲ್ಲ. ಮಂಗಳೂರಿನಲ್ಲಿ 34 ಡಿಗ್ರಿಗೇ ಜನ ಸೆಕೆ ಸೆಕೆ ಅಂತ ಒದ್ದಾಡುವುದು ಇದಕ್ಕೇ. ಅಲ್ಲಿ ಗಾಳಿಯಲ್ಲೇ ತೇವ ತುಂಬಿರುತ್ತದೆ, ಬೆವರು ಆರಲು ಜಾಗವೇ ಇರುವುದಿಲ್ಲ. ಹವಾಮಾನ ಇಲಾಖೆ ಬಿಸಿಗಾಳಿಯ ಲೆಕ್ಕವನ್ನು ಬಯಲು ಸೀಮೆಗೆ 40 ಡಿಗ್ರಿಯಿಂದ, ಕರಾವಳಿಗೆ 37ರಿಂದ, ಗುಡ್ಡಗಾಡಿಗೆ 30ರಿಂದ ಶುರು ಮಾಡುತ್ತದೆ. ಆಯಾ ಊರಿನ ವಾಡಿಕೆಗಿಂತ ಬಿಸಿ ಎಷ್ಟು ಏರಿದೆ ಅನ್ನುವುದನ್ನೂ ನೋಡುತ್ತದೆ.

ಈ ದುಡಿಮೆ ದಿನವಿಡೀ ನಡೆಯುತ್ತದೆ. ನಾವು ಕುರ್ಚಿಯಲ್ಲಿ ಕೂತಿದ್ದರೂ ಮೈ ಒಳಗೆ ಓಡುತ್ತಿರುತ್ತದೆ. ಅದರ ಮೇಲೆ ನೀರು ಕಡಿಮೆಯಾದರೆ ತಲೆ ನೋಯುತ್ತದೆ, ಗಮನ ನಿಲ್ಲುವುದಿಲ್ಲ, ಸಣ್ಣದಕ್ಕೂ ಕಿರಿಕಿರಿ. ಬಾಯಾರಿಕೆ ಗೊತ್ತಾಗುವ ಹೊತ್ತಿಗೆ ಎಷ್ಟೋ ಸಲ ಮೈ ಒಣಗಿರುತ್ತದೆ. ವಯಸ್ಸಾದವರಿಗಂತೂ ಬಾಯಾರಿಕೆಯೇ ಸರಿಯಾಗಿ ಗೊತ್ತಾಗುವುದಿಲ್ಲ.

ನನ್ನ ಮಟ್ಟಿಗೆ ಹಗಲಿಗಿಂತ ಕಷ್ಟದ್ದು ರಾತ್ರಿ. ನಿದ್ದೆ ಬರಬೇಕಾದರೆ ಮೈಯ ಒಳಬಿಸಿ ಸ್ವಲ್ಪ ಇಳಿಯಬೇಕು. ಅಂಗೈ, ಅಂಗಾಲುಗಳ ಮೂಲಕ ಬಿಸಿ ಹೊರಗೆ ಹೋಗುತ್ತದೆ. ಕೋಣೆಯೇ ಕಾದಿದ್ದರೆ ಆ ಬಿಸಿ ಎಲ್ಲಿಗೆ ಹೋಗಬೇಕು? ಹಿಂದೆ ನಮ್ಮ ಕಡೆ ಮಣ್ಣಿನ ಮಾಳಿಗೆ ಮನೆಗಳಿದ್ದವು. ದಪ್ಪ ಗೋಡೆ ದಾಟಿ ಬಿಸಿಲು ಒಳಗೆ ಬರುವ ಹೊತ್ತಿಗೆ ಸೂರ್ಯ ಮುಳುಗಿರುತ್ತಿದ್ದ. ಈಗಿನ ಆರ್‌ಸಿಸಿ ಛಾವಣಿ ಹಗಲು ಕುಡಿದ ಬಿಸಿಯನ್ನು ರಾತ್ರಿಯಿಡೀ ನಮ್ಮ ಮೇಲೆ ಕಕ್ಕುತ್ತದೆ. ಹೀಗೆ ಒಂದು ವಾರ ನಿದ್ದೆಗೆಟ್ಟರೆ ಯಾರಿಗಾದರೂ ಮನಸ್ಸು ಹಿಡಿತದಲ್ಲಿ ಇರುವುದಿಲ್ಲ. ತಾಳ್ಮೆ ಗುಣ ಮಾತ್ರವಲ್ಲ, ಅದಕ್ಕೆ ನಿದ್ದೆಯೂ ಬೇಕು.

ಇನ್ನು ನಮ್ಮ ಬೇಸಿಗೆ ಒಂಟಿಯಾಗಿ ಬರುವುದಿಲ್ಲ. ಎಸ್ಸೆಸ್ಸೆಲ್ಸಿ, ಪಿಯುಸಿ ರಿಸಲ್ಟ್ ಬರುವುದು ಇದೇ ತಿಂಗಳುಗಳಲ್ಲಿ. ಸಿಇಟಿ ಇದೇ ಹೊತ್ತಿಗೆ. ಮದುವೆಗಳು ಇದೇ ಹೊತ್ತಿಗೆ, ಮುಯ್ಯಿ, ಆಹೇರಿ, ಊರೂರಿಗೆ ಓಡಾಟ. ಜೂನ್‌ಗೆ ಶಾಲೆ ಫೀಸು ಹೊಂದಿಸಬೇಕು. ರೈತರಿಗೆ ಬೀಜ, ಗೊಬ್ಬರದ ದುಡ್ಡು ಬೇಕು. ಹೊಲದಲ್ಲಿ ಕೆಲಸವಿಲ್ಲದೆ ಗುಳೆ ಹೋದವರ ಮನೆಗಳಲ್ಲಿ ಮುದುಕರು, ಮಕ್ಕಳಷ್ಟೇ ಉಳಿದಿರುತ್ತಾರೆ. 2023ರಲ್ಲಿ ಮಳೆ ಕೈಕೊಟ್ಟು ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಅಂತ ಸರ್ಕಾರ ಘೋಷಿಸಿತ್ತಲ್ಲ, ಅದರ ಮುಂದಿನ ಬೇಸಿಗೆ ನೆನಪಿದೆಯಾ? ತಂಪು ಊರು ಅನಿಸಿಕೊಂಡ ಬೆಂಗಳೂರಿನಲ್ಲೇ 2024ರ ಏಪ್ರಿಲ್ 28ಕ್ಕೆ 38.5 ಡಿಗ್ರಿ ಆಗಿತ್ತು. ಕೊಳವೆಬಾವಿ ಬತ್ತಿ, ಟ್ಯಾಂಕರ್ ಕಾಯುತ್ತಾ ಜನ ರಾತ್ರಿ ಕಳೆದರು. ಅಂಥ ಹೊತ್ತಿನಲ್ಲಿ ಮನೆಯೊಳಗೆ ಜಗಳ ಹತ್ತಿಕೊಳ್ಳಲು ಒಂದು ತಂಬಿಗೆ ನೀರು ಸಾಕು.

ಹಾಗಾದರೆ ನಂಬಿಕೆ ಏನು ಮಾಡುತ್ತದೆ? ಅದು ಬಿಸಿಲು ಇಳಿಸುವುದಿಲ್ಲ, ಇದನ್ನು ಮೊದಲೇ ನೇರವಾಗಿ ಹೇಳಿಬಿಡುತ್ತೇನೆ. ಆದರೆ ಬೇಸಿಗೆಯ ಸಂಕಟದಲ್ಲಿ ಬಿಸಿಲಿನಷ್ಟೇ ಕೆಟ್ಟವು ಇನ್ನೆರಡಿವೆ. ಒಂದು, ಇದು ನನ್ನೊಬ್ಬರ ಪಾಡು ಅನಿಸುವುದು. ಇನ್ನೊಂದು, ಇದು ಮುಗಿಯುವುದೇ ಇಲ್ಲ ಅನಿಸುವುದು. ನಂಬಿಕೆ ಕೆಲಸ ಮಾಡುವುದು ಇವೆರಡರ ಮೇಲೆ. ಅದೂ ಬರೀ ಮಾತಿನಿಂದ ಅಲ್ಲ. ಗಡಿಯಾರ, ನೀರು, ಉಸಿರು, ಜೊತೆ, ಪಂಚಾಂಗ ಇವುಗಳ ಮೂಲಕ.

ನಮ್ಮ ಬೇಸಿಗೆಯ ಹಬ್ಬಗಳ ಹೊತ್ತನ್ನೇ ನೋಡಿ. ಬೆಂಗಳೂರು ಕರಗ ಚೈತ್ರ ಹುಣ್ಣಿಮೆಯ ರಾತ್ರಿ ಹೊರಡುತ್ತದೆ. ಧರ್ಮರಾಯನ ಗುಡಿಯಿಂದ ಹೊರಟು, ತವಕ್ಕಲ್ ಮಸ್ತಾನ್ ದರ್ಗಾಕ್ಕೂ ಹೋಗಿ, ಬೆಳಗಾಗುವ ಹೊತ್ತಿಗೆ ಸುತ್ತು ಮುಗಿಸುತ್ತದೆ. ಚಾಮರಾಜಪೇಟೆಯಲ್ಲಿ ಶ್ರೀರಾಮಸೇವಾ ಮಂಡಳಿ 1939ರಿಂದ ನಡೆಸಿಕೊಂಡು ಬಂದಿರುವ ರಾಮನವಮಿ ಸಂಗೀತೋತ್ಸವಕ್ಕೆ ಜನ ಸೇರುವುದು ಸಂಜೆ. ರಂಜಾನ್ ಬೇಸಿಗೆಯಲ್ಲಿ ಬಂದ ವರ್ಷಗಳಲ್ಲಿ ಕಲಬುರಗಿಯ ಓಣಿಗಳು ಇಫ್ತಾರ್ ಆದ ಮೇಲೆ, ತರಾವೀಹ್ ನಮಾಜಿನ ಹೊತ್ತಿಗೆ ಜೀವ ಪಡೆಯುತ್ತಿದ್ದವು. ಊರ ಜಾತ್ರೆಗಳಲ್ಲಿ ಬಯಲಾಟ, ಭಜನೆ ನಡೆಯುವುದೂ ರಾತ್ರಿಯೇ. ಉರಿಬಿಸಿಲಲ್ಲಿ ಮನೆಯೊಳಗೆ ಇರು, ತಂಪು ಹೊತ್ತಿಗೆ ನಾಲ್ಕು ಜನರ ನಡುವೆ ಬಾ. ಯಾರೂ ಹೀಗಂತ ಫಲಕ ಹಾಕಿಲ್ಲ. ಆದರೆ ಹಬ್ಬದ ನೆಪದಲ್ಲಿ ಊರೆಲ್ಲ ಅದನ್ನೇ ಮಾಡುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳ ಸಮಯವನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಿಸುವುದರ ಹಿಂದೆಯೂ ಇದೇ ಲೆಕ್ಕ ಇದೆ.

ಹಬ್ಬದ ಎಲೆಯ ಮೇಲೆ ಏನು ಬರುತ್ತದೆ ಅನ್ನುವುದನ್ನೂ ಗಮನಿಸಿ. ರಾಮನವಮಿಗೆ ಪಾನಕ, ನೀರು ಮಜ್ಜಿಗೆ, ಕೋಸಂಬರಿ. ಪಾನಕದಲ್ಲಿ ಬೆಲ್ಲ, ಮಜ್ಜಿಗೆಯಲ್ಲಿ ಉಪ್ಪು, ಕೋಸಂಬರಿಯಲ್ಲಿ ನೀರು ತುಂಬಿದ ಸೌತೆಕಾಯಿ ಮತ್ತು ನೆನೆದ ಹೆಸರುಬೇಳೆ. ಭೇದಿಯಾಗಿ ಮೈ ಒಣಗಿದವರಿಗೆ ಮನೆಯಲ್ಲೇ ಮಾಡಿ ಕೊಡುವ ಓಆರ್‌ಎಸ್‌ನ ಲೆಕ್ಕ ಏನು? ಒಂದು ಲೀಟರ್ ಶುದ್ಧ ನೀರಿಗೆ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಕರುಳಿನಲ್ಲಿ ಸಕ್ಕರೆ ಮತ್ತು ಉಪ್ಪು ಜೊತೆಜೊತೆಯಾಗಿ ಒಳಗೆ ಹೋಗುತ್ತವೆ, ಅವುಗಳ ಹಿಂದೆ ನೀರೂ ಹೋಗುತ್ತದೆ. ಪಾನಕವೇ ಓಆರ್‌ಎಸ್ ಅಂತ ನಾನು ಹೇಳುತ್ತಿಲ್ಲ, ಅದರಲ್ಲಿ ಸಿಹಿ ಜಾಸ್ತಿ. ಸಕ್ಕರೆ ಕಾಯಿಲೆ ಇರುವವರು ಮಜ್ಜಿಗೆಗೇ ಕೈ ಚಾಚುವುದು ಒಳ್ಳೆಯದು. ಆದರೆ ಬಿಸಿಲಲ್ಲಿ ಬಂದವರಿಗೆ ಯಾರು, ಏನು ಅಂತ ಕೇಳದೆ ಒಂದು ಲೋಟ ಕೈಗಿಡುವುದೇ ಆ ದಿನದ ಪೂಜೆ, ಅಲ್ವಾ?

ಅರವಟ್ಟಿಗೆ ಅನ್ನುವುದು ಅದೇ ಪೂಜೆಯ ದೊಡ್ಡ ರೂಪ. ದಾರಿಹೋಕರಿಗೆ ನೀರು ಕೊಡುವ ಜಾಗ. ಅರವಟ್ಟಿಗೆಗೆ ದತ್ತಿ ಬಿಟ್ಟ ಮಾತು ನಮ್ಮ ಹಳೆಯ ಶಾಸನಗಳಲ್ಲೇ ಇದೆ. ನಮ್ಮ ಓಣಿಯ ಬೇವಿನ ಮರದ ಕೆಳಗೆ ಕೆಲಸದಿಂದ ನಿವೃತ್ತರಾದ ಕಾಕಾ ಒಬ್ಬರು ಪ್ರತಿ ವರ್ಷ ಯುಗಾದಿ ಆದ ಕೂಡಲೇ ಮೂರು ಹರವಿ ಇಡುತ್ತಾರೆ. ಕೆಳಗೆ ಉಸುಕು ಹಾಸಿ, ಅದಕ್ಕೆ ನೀರು ಚಿಮುಕಿಸಿ, ಅದರ ಮೇಲೆ ಹರವಿ. ಸುತ್ತಲೂ ಒದ್ದೆ ಗೋಣಿತಟ್ಟು. ಮೇಲೆ ಮುಚ್ಚಳ, ಉದ್ದ ಹಿಡಿಕೆಯ ಸೌಟು. ಮಣ್ಣಿನ ಸಣ್ಣ ಸಣ್ಣ ತೂತುಗಳಿಂದ ನೀರು ಜಿನುಗಿ ಆರುತ್ತದೆ, ಆರುವಾಗ ಒಳಗಿನ ಬಿಸಿ ಕೊಂಡೊಯ್ಯುತ್ತದೆ. ನಮ್ಮ ಬೆವರು ಮಾಡುವ ಕೆಲಸವನ್ನೇ ಹರವಿಯೂ ಮಾಡುತ್ತದೆ. ಹೆಂಡತಿ ತೀರಿಕೊಂಡ ವರ್ಷ ಕಾಕಾ ಯಾರ ಹತ್ತಿರವೂ ಮಾತಾಡುತ್ತಿರಲಿಲ್ಲ. ಆ ಬೇಸಿಗೆಯಲ್ಲೂ ಹರವಿ ಇಡುವುದು ಬಿಡಲಿಲ್ಲ. ದಿನಕ್ಕೆ ನಾಲ್ಕು ಸಲ ನೀರು ತುಂಬಬೇಕು, ಸೌಟು ತೊಳೆಯಬೇಕು. ನೀರು ಕುಡಿದ ಆಟೋದವರು "ಹೆಂಗದೀರಿ ಕಾಕಾ" ಅಂತ ಕೇಳಿ ಹೋಗುತ್ತಿದ್ದರು. ಅವರು ಮತ್ತೆ ಮಾತಾಡಲು ಶುರು ಮಾಡಿದ್ದು ಆ ಮರದ ಕೆಳಗೇ. ಮನಸ್ಸು ಕುಸಿದಾಗ ಇನ್ನೊಬ್ಬರಿಗೆ ನಾನು ಬೇಕು ಅನಿಸುವುದಕ್ಕಿಂತ ದೊಡ್ಡ ಆಸರೆಯನ್ನು ನಾನು ಕಂಡಿಲ್ಲ. ದಾಸೋಹ, ಸೇವೆ, ಖೈರಾತ್, ಹೆಸರು ಯಾವುದಾದರೂ ಇರಲಿ.

ಇನ್ನು ಅವ್ವ ಆವತ್ತು ಲಿಂಗ ಹಿಡಿದು ಕೂತದ್ದು. ದೊಡ್ಡವರು ಸಾಮಾನ್ಯವಾಗಿ ನಿಮಿಷಕ್ಕೆ 12ರಿಂದ 20 ಸಲ ಉಸಿರಾಡುತ್ತಾರೆ. ಕಿರಿಕಿರಿ, ಗಾಬರಿ ಆದಾಗ ಅದು ಇನ್ನೂ ಏರುತ್ತದೆ. 2001ರಲ್ಲಿ ಬ್ರಿಟನ್ನಿನ ವೈದ್ಯಕೀಯ ಪತ್ರಿಕೆ ಬಿಎಂಜೆಯಲ್ಲಿ ಇಟಲಿಯ ಲುಚಿಯಾನೊ ಬೆರ್ನಾರ್ಡಿ ಮತ್ತು ಜೊತೆಗಾರರ ಒಂದು ಅಧ್ಯಯನ ಬಂತು. ಅವರು 23 ಜನ ಆರೋಗ್ಯವಂತರಿಂದ ಕ್ರೈಸ್ತರ ಜಪಸರದ ಪ್ರಾರ್ಥನೆಯನ್ನು ಲ್ಯಾಟಿನ್‌ನಲ್ಲಿ ಹೇಳಿಸಿದರು, 'ಓಂ ಮಣಿ ಪದ್ಮೇ ಹುಂ' ಮಂತ್ರವನ್ನೂ ಹೇಳಿಸಿದರು. ಎರಡರಲ್ಲೂ ಉಸಿರಾಟ ನಿಮಿಷಕ್ಕೆ ಸುಮಾರು 6ಕ್ಕೆ ಇಳಿಯಿತು. ಹೃದಯದ ಬಡಿತ ಮತ್ತು ರಕ್ತದ ಒತ್ತಡವನ್ನು ಸರಿತೂಗಿಸುವ ಮೈಯ ವ್ಯವಸ್ಥೆ ಚುರುಕಾಯಿತು. ಧರ್ಮ ಬೇರೆ, ಭಾಷೆ ಬೇರೆ, ಲಯ ಮಾತ್ರ ಒಂದೇ. ಇದು ಸಣ್ಣ ಅಧ್ಯಯನ, ದೇವರ ಬಗ್ಗೆ ಏನನ್ನೂ ಸಾಬೀತು ಮಾಡುವುದಿಲ್ಲ. ಆದರೆ ಜಪಮಣಿ, ತಸ್ಬೀಹ್, ಷಡಕ್ಷರಿ ಮಂತ್ರ, ನಿಧಾನ ಲಯದ ಭಜನೆ ಇವೆಲ್ಲ ಮೈಯನ್ನು ಯಾಕೆ ತಣಿಸುತ್ತವೆ ಅಂತ ಅರ್ಥಮಾಡಿಕೊಳ್ಳಲು ದಾರಿ ತೋರಿಸುತ್ತದೆ. ಸಾಲು ಹೇಳುವಾಗ ಉಸಿರು ತಾನಾಗಿ ಉದ್ದವಾಗುತ್ತದೆ. ಬಾಯಿ ಆ ಸಾಲಿನಲ್ಲಿ ತೊಡಗಿರುವಷ್ಟು ಹೊತ್ತು ಬೈಗುಳ ಹೊರಗೆ ಬರುವುದಿಲ್ಲ, ಅದೂ ಕಡಿಮೆ ಲಾಭವಲ್ಲ.

ನಂಬಿಕೆ ಮತ್ತು ಬಿಸಿಲು ಎದುರಾಬದುರು ನಿಲ್ಲುವುದನ್ನು ನೋಡಬೇಕಾದರೆ ಯುಗಾದಿಗೆ ಮುಂಚೆ ಶ್ರೀಶೈಲದ ದಾರಿ ಹಿಡಿಯಬೇಕು. ವಿಜಯಪುರ, ಬಾಗಲಕೋಟೆ, ಬೆಳಗಾವಿ, ಕಲಬುರಗಿ, ರಾಯಚೂರು ಕಡೆಯಿಂದ ಜನ ನೂರಾರು ಕಿಲೋಮೀಟರ್ ನಡೆದು ಮಲ್ಲಯ್ಯನ ಹತ್ತಿರ ಹೋಗುತ್ತಾರೆ. ಕಂಬಿ ಹೊತ್ತವರು, ಕೋಲು ಹಿಡಿದ ಮುದುಕಿಯರು, ಕಾಲೇಜು ಹುಡುಗರು, ಮರಗಾಲು ಕಟ್ಟಿಕೊಂಡು ನಡೆಯುವವರೂ ಉಂಟು. ಮಲ್ಲಯ್ಯನ ಮಡದಿ ಭ್ರಮರಾಂಬೆ ನಮ್ಮ ಕಡೆಯವರಿಗೆ ಮನೆಮಗಳು. ಆದ್ದರಿಂದ ಗಂಟಿನಲ್ಲಿ ಅವಳಿಗೊಂದು ಸೀರೆ, ಬಳೆ, ಅರಿಶಿನ ಕುಂಕುಮ ಇರುತ್ತದೆ. ಮಾರ್ಚ್ ತಿಂಗಳ ಬಿಸಿಲು, ಕಾದ ಡಾಂಬರು, ಕೊನೆಗೆ ನಲ್ಲಮಲ ಕಾಡು, ಭೀಮನ ಕೊಳ್ಳದ ಏರಿಳಿತ. ಇದನ್ನು ಜನ ಹೇಗೆ ತಡೆದುಕೊಳ್ಳುತ್ತಾರೆ?

ಒಂದು ಸಲ ಅರ್ಧ ದಾರಿ ಜೊತೆಗೆ ನಡೆದಾಗ ನನಗೆ ಉತ್ತರ ಸಿಕ್ಕಿತು. ಅವರು ಬಿಸಿಲಿನ ಜೊತೆ ಜಿದ್ದಿಗೆ ಬೀಳುವುದಿಲ್ಲ. ನಸುಕಿನ ಮೂರು ಗಂಟೆಗೇ ಎದ್ದು ಹೊರಡುತ್ತಾರೆ. ಹತ್ತು, ಹನ್ನೊಂದರ ಹೊತ್ತಿಗೆ ಯಾವುದೋ ಗುಡಿಯ ಕಟ್ಟೆ, ಶಾಲೆಯ ವರಾಂಡ, ಹುಣಸೆ ಮರ ಹಿಡಿದು ಮಲಗುತ್ತಾರೆ. ಇಳಿಹೊತ್ತಿಗೆ ಮತ್ತೆ ನಡಿಗೆ. ದಾರಿಯ ಹಳ್ಳಿಗಳವರು ಪೆಂಡಾಲು ಹಾಕಿ ಮಜ್ಜಿಗೆ, ಕಲ್ಲಂಗಡಿ, ರೊಟ್ಟಿ ಊಟ ಇಟ್ಟುಕೊಂಡು ಕಾಯುತ್ತಿರುತ್ತಾರೆ. ಬಿಸಿನೀರು ಕಾಯಿಸಿ, ಕಾಲು ತೊಳೆದು, ಎಣ್ಣೆ ಹಚ್ಚಿ ತಿಕ್ಕುವವರೂ ಇರುತ್ತಾರೆ. ಬಿಸಿಲಿಗೆ ಹೊಂದಿಕೊಳ್ಳಲು ನಮ್ಮ ಮೈಗೆ ಒಂದರಿಂದ ಎರಡು ವಾರ ಬೇಕು. ಅಷ್ಟರಲ್ಲಿ ಬೆವರು ಬೇಗ ಬರಲು ಶುರುವಾಗುತ್ತದೆ, ಅದರಲ್ಲಿ ಉಪ್ಪು ಕಡಿಮೆ ಹೋಗುತ್ತದೆ, ಹೃದಯದ ಮೇಲಿನ ಭಾರ ಇಳಿಯುತ್ತದೆ. ದೂರದ ಊರಿನಿಂದ ದಿನಕ್ಕಿಷ್ಟು ಅಂತ ನಡೆದು ಬರುವವರಿಗೆ ಈ ಪಾಠ ದಾರಿಯಲ್ಲೇ ಆಗುತ್ತದೆ. ಸುಸ್ತಾಗಿ ಹಿಂದೆ ಬಿದ್ದವರಿಗೆ ಜೊತೆಯವರು ಒಂದೇ ಮಾತು ಹೇಳುತ್ತಿದ್ದರು: "ಮುಂದಿನ ಗಿಡದ ತನಕ ನಡೀರಿ, ಆಮೇಲೆ ನೋಡಮು." ಶ್ರೀಶೈಲ ಎಷ್ಟು ದೂರ ಅಂತ ಯಾರೂ ಹೇಳುತ್ತಿರಲಿಲ್ಲ. ಮುಂದಿನ ಗಿಡ ಮಾತ್ರ.

ಇಲ್ಲೊಂದು ಎಚ್ಚರಿಕೆಯ ಮಾತು ಹೇಳಲೇಬೇಕು. ನಂಬಿಕೆಯ ಹೆಸರಿನಲ್ಲಿ ಮೈಯನ್ನು ಕೊಲ್ಲಬಾರದು. ಉಪವಾಸದ ವಿಷಯದಲ್ಲಿ ಧರ್ಮಗಳೇ ರಿಯಾಯಿತಿ ಇಟ್ಟಿವೆ. ಕಾಯಿಲೆಯವರು, ಪ್ರಯಾಣದಲ್ಲಿರುವವರು ರೋಜಾ ಬಿಟ್ಟು ಆಮೇಲೆ ತೀರಿಸಬಹುದು ಅಂತ ಇಸ್ಲಾಂ ಹೇಳುತ್ತದೆ. ಸಕ್ಕರೆ, ಬಿಪಿ, ಕಿಡ್ನಿ ತೊಂದರೆ ಇದ್ದವರು, ಬಸುರಿಯರು ಡಾಕ್ಟರನ್ನು ಕೇಳದೆ ಬೇಸಿಗೆಯಲ್ಲಿ ನಿರ್ಜಲ ಉಪವಾಸ ಮಾಡಬಾರದು. ಮನಸ್ಸಿನ ಕಾಯಿಲೆಗೆ ಕೊಡುವ ಕೆಲವು ಮಾತ್ರೆಗಳು, ಮೂತ್ರ ಜಾಸ್ತಿ ಮಾಡಿಸುವ ಬಿಪಿ ಮಾತ್ರೆಗಳು ಮೈ ತಣಿಯುವುದಕ್ಕೆ ಅಡ್ಡಿ ಮಾಡಬಹುದು. ಲಿಥಿಯಂ ತೆಗೆದುಕೊಳ್ಳುವವರ ಮೈಯಲ್ಲಿ ನೀರು ಕಡಿಮೆಯಾದರೆ ಅದೇ ಔಷಧ ವಿಷವಾಗುವಷ್ಟು ಏರಬಹುದು. ಹಾಗಂತ ತಾವಾಗಿಯೇ ಮಾತ್ರೆ ನಿಲ್ಲಿಸಬಾರದು. ಬೇಸಿಗೆ ಶುರುವಾಗುವ ಮುಂಚೆ ಒಮ್ಮೆ ಡಾಕ್ಟರ ಹತ್ತಿರ ಮಾತಾಡಿ.

ಜಾತ್ರೆಯಲ್ಲಿ ಬಿಸಿಲಿಗೆ ನಿಂತವರೊಬ್ಬರು ಇದ್ದಕ್ಕಿದ್ದ ಹಾಗೆ ತೊದಲಿದರೆ, ಸಂಬಂಧವಿಲ್ಲದ್ದು ಮಾತಾಡಿದರೆ, ಓಲಾಡಿದರೆ ಮೈಮೇಲೆ ದೇವರು ಬಂತು ಅಂತ ಕೈಮುಗಿದು ನಿಂತುಬಿಡಬೇಡಿ. ಮೊದಲು ಮೈ ಮುಟ್ಟಿ ನೋಡಿ. ಒಳಬಿಸಿ 40 ಡಿಗ್ರಿ ದಾಟಿ ಬುದ್ಧಿ ಮಂಕಾದರೆ ಅದು ಹೀಟ್ ಸ್ಟ್ರೋಕ್, ಜೀವಕ್ಕೇ ಅಪಾಯ. 108ಕ್ಕೆ ಫೋನ್ ಮಾಡಿ. ನೆರಳಿಗೆ ಒಯ್ದು, ಬಟ್ಟೆ ಸಡಿಲಿಸಿ, ಮೈತುಂಬ ನೀರು ಸುರಿದು ಗಾಳಿ ಬೀಸಿ. ಎಚ್ಚರ ಇಲ್ಲದವರ ಬಾಯಿಗೆ ನೀರು ಹಾಕಬೇಡಿ, ಶ್ವಾಸನಾಳಕ್ಕೆ ಹೋಗುತ್ತದೆ. ತೀರ್ಥ ಆಮೇಲೆ ಕೊಟ್ಟರಾಯಿತು.

ಇನ್ನೊಂದು ಮಾತು ನನಗೆ ಬಹಳ ನೋವು ಕೊಡುತ್ತದೆ. ಮನಸ್ಸು ಕುಸಿದವರಿಗೆ "ನಿನಗೆ ದೇವರ ಮೇಲೆ ನಂಬಿಕೆ ಸಾಲದು, ಅದಕ್ಕೇ ಹೀಗೆ" ಅನ್ನುವುದು. ಜ್ವರ ಬಂದವರಿಗೆ ಹೀಗೆ ಹೇಳುತ್ತೇವಾ? ಎರಡು ವಾರ ದಾಟಿದರೂ ಯಾವುದೂ ಬೇಡ ಅನಿಸುತ್ತಿದ್ದರೆ, ಬದುಕೇ ಸಾಕು ಅನ್ನುವ ಮಾತು ಬಾಯಲ್ಲಿ ಬಂದರೆ ಸಹಾಯ ಬೇಕು ಅಂತ ಅರ್ಥ. ಆ ಮಾತು ಬಂದ ದಿನವೇ ಕೇಳಬೇಕು, ಕಾಯಬಾರದು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಪುಕ್ಕಟೆ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ರಿಸಲ್ಟ್ ಬರುವ ವಾರದಲ್ಲಿ ಈ ಸಂಖ್ಯೆ ಮನೆಯ ಗೋಡೆ ಮೇಲೆ ಇರಲಿ. ಪ್ರಾರ್ಥನೆಯೂ ಇರಲಿ, ಫೋನೂ ಇರಲಿ.

ಇಷ್ಟೆಲ್ಲ ಆದ ಮೇಲೆ ಭರವಸೆಯ ಮಾತು. "ಎಲ್ಲಾ ಸರಿ ಹೋಗುತ್ತೆ ಬಿಡು" ಅನ್ನುವುದನ್ನು ನಾನು ಭರವಸೆ ಅನ್ನಲಾರೆ. ಹಾಗೆ ಹೇಳಿ ಎದ್ದು ಹೋಗುವವರೇ ಜಾಸ್ತಿ. ಅಮೆರಿಕದ ಮನಶ್ಶಾಸ್ತ್ರಜ್ಞ ಸಿ.ಆರ್. ಸ್ನೈಡರ್ ಭರವಸೆಯ ಬಗ್ಗೆಯೇ ವರ್ಷಗಟ್ಟಲೆ ಕೆಲಸ ಮಾಡಿದವರು. ಅವರ ಪ್ರಕಾರ ಭರವಸೆಗೆ ಮೂರು ಬೇಕು. ತಲುಪಬೇಕಾದ ಒಂದು ಜಾಗ, ಅಲ್ಲಿಗೆ ಹೋಗುವ ದಾರಿ, ನಡೆಯಬಲ್ಲೆ ಅನ್ನುವ ಧೈರ್ಯ. ಇದನ್ನು ಓದಿದಾಗ ನನಗೆ ನೆನಪಾದದ್ದು ನಮ್ಮ ರೈತರ ಮಳೆ ಪಂಚಾಂಗ.

ಬೇಸಿಗೆ ನಮ್ಮ ರೈತರಿಗೆ ಕೊನೆಯಿಲ್ಲದ ಒಂದೇ ಬಯಲಲ್ಲ. ಅದನ್ನು ಅವರು ನಕ್ಷತ್ರಗಳಿಂದ ತುಂಡು ತುಂಡು ಮಾಡಿ ಇಟ್ಟುಕೊಂಡಿದ್ದಾರೆ. ಏಪ್ರಿಲ್ ಕೊನೆಗೆ ಭರಣಿ ಕೂಡುತ್ತದೆ. ಮೇ ಎರಡನೇ ವಾರಕ್ಕೆ ಕೃತ್ತಿಕಾ. ಮೇ 25ರ ಸುಮಾರಿಗೆ ರೋಹಿಣಿ. ಜೂನ್ 7, 8ಕ್ಕೆ ಮೃಗಶಿರಾ, ನಮ್ಮ ಬಾಯಲ್ಲಿ ಮಿರಗ. ರೋಹಿಣಿ ಮಳೆ ಬಂದರೆ ಓಣಿಯೆಲ್ಲ ಜೋಳ ಅನ್ನುತ್ತಾರೆ. ಕೇರಳಕ್ಕೆ ಮುಂಗಾರು ಕಾಲಿಡುವ ವಾಡಿಕೆಯ ದಿನ ಜೂನ್ 1, ಆಮೇಲೆ ಕೆಲವೇ ದಿನಗಳಲ್ಲಿ ನಮ್ಮ ಕಡೆ. ಈ ಲೆಕ್ಕ ಪ್ರತಿ ವರ್ಷ ನಿಜವಾಗುತ್ತದೆ ಅಂತಲ್ಲ. ಮಳೆ ಎಷ್ಟೋ ಸಲ ಮಾತು ತಪ್ಪಿದೆ. ಆದರೆ ಒಂದೊಂದು ನಕ್ಷತ್ರಕ್ಕೂ ಒಂದೊಂದು ಕೆಲಸ ಕಾದಿರುತ್ತದೆ. ಹೊಲ ಹರಗಬೇಕು, ಒಡ್ಡು ಕಟ್ಟಬೇಕು, ಕೆರೆ ಹೂಳು ಹೇರಬೇಕು, ತಿಪ್ಪೆ ಗೊಬ್ಬರ ಚೆಲ್ಲಬೇಕು. ಮನೆಯೊಳಗೆ ಹೆಣ್ಣುಮಕ್ಕಳು ಓಣಿಯವರೆಲ್ಲ ಕೂಡಿ ಶಾವಿಗೆ, ಸಂಡಿಗೆ, ಹಪ್ಪಳ ಮಾಡಿ ಒಣಗಿಸುತ್ತಾರೆ. ಮಳೆಗಾಲದಲ್ಲಿ ತಿನ್ನಲಿಕ್ಕೆ. ಮಳೆ ಬಂದೇ ಬರುತ್ತದೆ ಅನ್ನುವ ನಂಬಿಕೆ ಇಲ್ಲದವರು ಯಾರಾದರೂ ಸಂಡಿಗೆ ಹಾಕುತ್ತಾರಾ?

ಹಳೆ ಮೈಸೂರು ಕಡೆ ಯುಗಾದಿಗೆ ಹೊನ್ನಾರು ಕಟ್ಟುತ್ತಾರೆ. ನೆಲ ಕಲ್ಲಾಗಿರುತ್ತದೆ, ಆಕಾಶದಲ್ಲಿ ಮೋಡ ಇರುವುದಿಲ್ಲ. ಆದರೂ ಎತ್ತು ತೊಳೆದು, ಪೂಜೆ ಮಾಡಿ, ಹೊಸ ವರ್ಷದ ಮೊದಲ ಸಾಲು ಹೊಡೆಯುತ್ತಾರೆ. ಅದೇ ಹೊತ್ತಿಗೆ ಬೇವಿನ ಮರವನ್ನು ನೋಡಿ. ಮಣ್ಣಿನ ತೇವ ಆರಿಹೋಗಿರುವ ತಿಂಗಳಲ್ಲೇ ಅದು ಹಳೆ ಎಲೆ ಉದುರಿಸಿ ಎಳೆ ಚಿಗುರು, ಬಿಳಿ ಹೂವು ಬಿಟ್ಟು ನಿಂತಿರುತ್ತದೆ. ಆಳಕ್ಕೆ ಇಳಿದ ಬೇರಿಗೆ ಎಲ್ಲೋ ನೀರು ಸಿಕ್ಕಿರುತ್ತದೆ. ನಾವು ಆ ಹೂವನ್ನೇ ಬೆಲ್ಲದ ಜೊತೆ ತಿಂದು ವರ್ಷ ಶುರು ಮಾಡುತ್ತೇವೆ.

ಮಳೆ ಹಿಂದೆ ಬಿದ್ದರೆ ನಮ್ಮ ಕಡೆ ಗುರ್ಜಿ ಹೊರಡುತ್ತದೆ. ರೊಟ್ಟಿ ಹಂಚಿನ ಮೇಲೆ ಸಗಣಿಯಿಂದ ಗುರ್ಜಿ ಅನ್ನುವ ಮಳೆದೇವರ ಗೊಂಬೆ ಮಾಡಿ, ಗರಿಕೆ ಚುಚ್ಚಿ, ಒಬ್ಬ ಹುಡುಗನ ತಲೆ ಮೇಲೆ ಹೊರಿಸುತ್ತಾರೆ. ಮಕ್ಕಳ ಹಿಂಡು ಹಾಡುತ್ತಾ ಮನೆಮನೆಗೆ ಹೋಗುತ್ತದೆ. ಪ್ರತಿ ಮನೆಯವರೂ ಗುರ್ಜಿಯ ಮೇಲೆ ಒಂದು ಕೊಡ ನೀರು ಸುರಿದು ಒಂದು ಬೊಗಸೆ ಜೋಳದ ಹಿಟ್ಟು ಕೊಡುತ್ತಾರೆ. ಹುಡುಗ ತೊಯ್ದು ತೊಪ್ಪೆಯಾಗಿ ನಗುತ್ತಿರುತ್ತಾನೆ. ಕೊನೆಗೆ ಆ ಹಿಟ್ಟಿನಲ್ಲೇ ಅಡಿಗೆ ಮಾಡಿ ಎಲ್ಲರೂ ಕೂಡಿ ಉಣ್ಣುತ್ತಾರೆ. ಮುಸ್ಲಿಮರು ಬಯಲಿನಲ್ಲಿ ಸೇರಿ ಮಳೆಗಾಗಿ ನಮಾಜ್ ಮಾಡುತ್ತಾರೆ, ಚರ್ಚುಗಳಲ್ಲೂ ಪ್ರಾರ್ಥನೆ ನಡೆಯುತ್ತದೆ. ಗುರ್ಜಿಗೆ ಮೋಡ ಕರಗುತ್ತದೆ ಅಂತ ನಾನು ವಾದ ಮಾಡುವುದಿಲ್ಲ. ಆದರೆ ಮಳೆ ಇಲ್ಲದ ಚಿಂತೆಯನ್ನು ಒಬ್ಬೊಬ್ಬರೇ ಬಾಗಿಲು ಹಾಕಿಕೊಂಡು ನುಂಗುತ್ತಿದ್ದ ಊರು ಆವತ್ತು ಬೀದಿಗೆ ಬಂದು ಅದನ್ನು ಜೋರಾಗಿ ಹೇಳಿಕೊಳ್ಳುತ್ತದೆ. ಯಾರ ಮನೆಯಲ್ಲಿ ಹಿಟ್ಟು ಮುಗಿದಿದೆ ಅನ್ನುವುದೂ ಆವತ್ತು ಊರಿಗೆ ಗೊತ್ತಾಗುತ್ತದೆ.

ಹೋದ ವರ್ಷ ರೋಹಿಣಿಯ ಕೊನೆಯ ದಿನಗಳು. ಇನ್ನೂ ಒಂದು ಹನಿ ಬಿದ್ದಿರಲಿಲ್ಲ. ರಾತ್ರಿ ಮಾಳಿಗೆ ಹಾಗೇ ಕಾದಿತ್ತು. ಬೆಳಿಗ್ಗೆ ಎದ್ದು ನೋಡಿದರೆ ಅವ್ವ ಗೋಡೆಯ ಕ್ಯಾಲೆಂಡರ್ ಮುಂದೆ ಕನ್ನಡಕ ಹಾಕಿಕೊಂಡು ನಿಂತಿದ್ದಳು.

"ಮಿರಗ ಕೂಡಲಿಕ್ಕೆ ಇನ್ನ ನಾಕೇ ದಿನ ಅದ," ಅಂದಳು. "ತೊಗರಿ ಬೀಜ ಮಾಳಿಗಿ ಮ್ಯಾಲ ಹಾಕು. ಛಲೋ ಬಿಸಿಲದ, ನುಸಿ ಹೋಗತದ."

ನಾವು ರಾತ್ರಿಯೆಲ್ಲ ಹೊರಳಾಡಿದ್ದ ಅದೇ ಸಿಮೆಂಟಿನ ಮೇಲೆ ಹಳೆ ಸೀರೆ ಹಾಸಿ ಬೀಜ ಹರವಿದೆ. ಕಾಲು ಚುರ್ರೆನ್ನುತ್ತಿತ್ತು. ಅವ್ವ ಮೆಟ್ಟಿಲ ನೆರಳಲ್ಲಿ ಕೂತು ಮೊರದಲ್ಲಿ ಹೊಳ್ಳು ಆರಿಸುತ್ತಿದ್ದಳು. ಪಕ್ಕದಲ್ಲಿ ತುಂಬಿದ ತಂಬಿಗೆ ಇತ್ತು. ಈ ಸಲ ಅದನ್ನು ಮೇಲೆ ತಂದದ್ದು ನಾನು.